ಹಪ್ಪಳ ಬರೆದ ನಕ್ಷೆ

ಮನೆಯಲ್ಲಿ ಮೈಕ್ರೋವೇವ್ ಓವನ್ ಇದ್ದರೆ ಈ ಅಧ್ಯಾಯಕ್ಕೆ ಕೈಹಾಕುವ ಮೊದಲು ಒಂದು ಸಣ್ಣ ಪ್ರಯೋಗ ಮಾಡಿ ನೋಡಿ. ಒಳಗಿನ ಗಾಜಿನ ತಟ್ಟೆಯನ್ನೂ ಅದರಡಿಯ ಗಾಲಿಗಳ ಬಳೆಯನ್ನೂ ಹೊರಗೆ ತೆಗೆದಿಡಿ. ನಡುವೆ ತಿರುಗುವ ಕೀಲಿಗೆ ತಾಗದಂತೆ ಅದರ ಮೇಲೊಂದು ಗಾಜಿನ ಬಟ್ಟಲನ್ನು ಬೋರಲು ಹಾಕಿ. ಬಟ್ಟಲಿನ ಮೇಲೆ ಅಗಲವಾದ ಪಿಂಗಾಣಿ ತಟ್ಟೆ, ತಟ್ಟೆ ತುಂಬ ಹಸಿ ಉದ್ದಿನ ಹಪ್ಪಳ. ಬಾಗಿಲು ಮುಚ್ಚಿ ಓವನ್ ಹಚ್ಚಿ. ಹಪ್ಪಳ ಅರಳುವ ಸದ್ದು ಶುರುವಾದ ಕೂಡಲೇ ನಿಲ್ಲಿಸಿ.

ಹೊರಗೆ ತೆಗೆದರೆ ಹಪ್ಪಳದ ಕೆಲವು ಜಾಗ ಬೆಳ್ಳಗೆ ಗುಳ್ಳೆಯೆದ್ದು ಅರಳಿರುತ್ತದೆ, ಅದರ ಪಕ್ಕದಲ್ಲೇ ಮೂರು ಬೆರಳಿನಾಚೆ ಹಸಿಯಾಗಿಯೇ ಉಳಿದಿರುತ್ತದೆ. ಹೊತ್ತು ಮೀರಿದ್ದರೆ ಒಂದು ಕಡೆ ಕರಿಕಲಾಗಿ, ಇನ್ನೊಂದು ಕಡೆ ಬಣ್ಣವೇ ಬದಲಾಗಿರುವುದಿಲ್ಲ. ನಿಮ್ಮ ಓವನ್ನಿನೊಳಗೆ ಶಾಖ ಎಲ್ಲಿ ಹುಟ್ಟುತ್ತದೆ, ಎಲ್ಲಿ ಹುಟ್ಟುವುದಿಲ್ಲ ಎಂಬುದರ ನಕ್ಷೆ ಅದು. ಈ ಯಂತ್ರದ ಬಗ್ಗೆ ಮನೆಯಲ್ಲಿ ತಿಳಿದಿರಬೇಕಾದ ಸಂಗತಿಗಳಲ್ಲಿ ಬಹುಪಾಲು ಆ ನಕ್ಷೆಯಿಂದಲೇ ಹೊರಡುತ್ತವೆ.

ಅರಳಿದ ಎರಡು ಮಚ್ಚೆಗಳ ನಡುವಿನ ದೂರವನ್ನು ಅಳತೆಪಟ್ಟಿಯಿಂದ ಅಳೆಯಿರಿ. ನಾಲ್ಕಾರು ಕಡೆ ಅಳೆದು ಸರಾಸರಿ ತೆಗೆದರೆ ಅದು ಸುಮಾರು 6 ಸೆಂಟಿಮೀಟರಿನ ಆಸುಪಾಸಿನಲ್ಲಿ ಇರುತ್ತದೆ. ಮನೆಯ ಓವನ್ನುಗಳು ಬಳಸುವ ತರಂಗದ ಉದ್ದ 12.2 ಸೆಂಟಿಮೀಟರ್, ಮಚ್ಚೆಗಳ ಅಂತರ ಅದರ ಅರ್ಧ. ಓವನ್ನಿನ ಲೋಹದ ಗೋಡೆಗಳಿಗೆ ಬಡಿದು ಹಿಂದಿರುಗಿದ ತರಂಗ ಮುಂದೆ ಬರುತ್ತಿರುವ ತರಂಗದೊಂದಿಗೆ ಕೂಡಿಕೊಂಡು ಸ್ಥಾಯಿ ತರಂಗವಾಗುತ್ತದೆ. ಮೀಟಿದ ವೀಣೆಯ ತಂತಿ ಕೆಲವು ಕಡೆ ಜೋರಾಗಿ ಅದುರಿ, ಕೆಲವು ಬಿಂದುಗಳಲ್ಲಿ ನಿಶ್ಚಲವಾಗಿ ನಿಲ್ಲಬಹುದಲ್ಲ, ಹಾಗೆಯೇ ಈ ಪೆಟ್ಟಿಗೆಯೊಳಗೆ ವಿದ್ಯುತ್ ಕ್ಷೇತ್ರ ಕೆಲವು ಕಡೆ ಪ್ರಬಲ, ಕೆಲವು ಕಡೆ ಶೂನ್ಯ. ಓವನ್ನಿನ ಹಿಂಬದಿಯ ಚೀಟಿಯಲ್ಲಿ 2450 ಮೆಗಾಹರ್ಟ್ಸ್ ಎಂದು ಬರೆದಿರುತ್ತದೆ, ಅಂದರೆ ಸೆಕೆಂಡಿಗೆ 245 ಕೋಟಿ ಕಂಪನ. ಮಚ್ಚೆಗಳ ಅಂತರವನ್ನು ಎರಡರಿಂದ ಗುಣಿಸಿ, ಬಂದದ್ದನ್ನು ಈ ಸಂಖ್ಯೆಯಿಂದ ಗುಣಿಸಿದರೆ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಬರುತ್ತದೆ. ಅದು ಬೆಳಕಿನ ವೇಗ! ಅಡುಗೆಮನೆಯಲ್ಲಿ ಹಪ್ಪಳ ಮತ್ತು ಅಳತೆಪಟ್ಟಿ ಇಟ್ಟುಕೊಂಡು ಬೆಳಕಿನ ವೇಗವನ್ನು ಅಂದಾಜು ಮಾಡಬಹುದು ಎಂಬ ಮಾತು ನನಗೆ ಇಂದಿಗೂ ರೋಮಾಂಚನ ತರುತ್ತದೆ. ಮಕ್ಕಳಿರುವ ಮನೆಯಲ್ಲಿ ಇದನ್ನು ತಪ್ಪದೆ ಮಾಡಿ ತೋರಿಸಬೇಕು.

ಈ ತರಂಗ ಹುಟ್ಟುವುದು ಮ್ಯಾಗ್ನೆಟ್ರಾನ್ ಎಂಬ ಕೊಳವೆಯಲ್ಲಿ. ಅಡುಗೆಗೂ ಅದರ ಹುಟ್ಟಿಗೂ ಯಾವ ಸಂಬಂಧವೂ ಇರಲಿಲ್ಲ. 1940ರ ಫೆಬ್ರುವರಿಯಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಜಾನ್ ರ‍್ಯಾಂಡಲ್ ಮತ್ತು ಹ್ಯಾರಿ ಬೂಟ್ ಅದರ ಪ್ರಬಲ ರೂಪವೊಂದನ್ನು ತಯಾರಿಸಿದ್ದು ಶತ್ರುವಿಮಾನಗಳನ್ನು ಪತ್ತೆಹಚ್ಚುವ ರೇಡಾರ್‌ಗಾಗಿ. ಅದೇ ವರ್ಷ ಅದು ಗುಟ್ಟಾಗಿ ಅಮೆರಿಕಕ್ಕೆ ಹೋಯಿತು. ಅಲ್ಲಿ ರೇಥಿಯಾನ್ ಕಂಪನಿಯಲ್ಲಿ ಮ್ಯಾಗ್ನೆಟ್ರಾನ್‌ಗಳನ್ನು ತಯಾರಿಸುತ್ತಿದ್ದ ಪರ್ಸಿ ಸ್ಪೆನ್ಸರ್, ಹೆಚ್ಚು ಶಾಲೆ ಕಲಿಯದ ಎಂಜಿನಿಯರ್, 1945ರಲ್ಲಿ ಒಂದು ದಿನ ಯಂತ್ರದ ಬಳಿ ನಿಂತಿದ್ದಾಗ ಜೇಬಿನಲ್ಲಿದ್ದ ಮಿಠಾಯಿ ಕರಗಿದ್ದನ್ನು ಗಮನಿಸಿದರೆಂದು ಹೇಳುತ್ತಾರೆ. ಅದೇ ವರ್ಷದ ಅಕ್ಟೋಬರಿನಲ್ಲಿ ಅವರು ಪೇಟೆಂಟ್‌ಗೆ ಅರ್ಜಿ ಹಾಕಿದರು. 1947ರಲ್ಲಿ ಮಾರುಕಟ್ಟೆಗೆ ಬಂದ ಮೊದಲ ಓವನ್ ಆಳೆತ್ತರದ್ದು, ಮುನ್ನೂರು ಕಿಲೋ ಮೀರಿದ ತೂಕದ್ದು. ಅದನ್ನು ತಂಪಾಗಿಡಲು ನೀರಿನ ಕೊಳವೆ ಜೋಡಿಸಬೇಕಿತ್ತು. ಅಡುಗೆಕಟ್ಟೆಯ ಮೇಲೆ ಕೂರುವಷ್ಟು ಚಿಕ್ಕದಾದ ಓವನ್ ಅಮೆರಿಕದ ಮನೆಗಳಿಗೆ ಬಂದದ್ದು 1967ರಲ್ಲಿ.

ನಮ್ಮ ನೆಲದಲ್ಲೂ ಈ ತರಂಗಗಳಿಗೆ ಹಳೆಯ ನೆಂಟಸ್ತಿಕೆ ಇದೆ. 1895ರಷ್ಟು ಹಿಂದೆಯೇ ಜಗದೀಶಚಂದ್ರ ಬೋಸರು ಕಲ್ಕತ್ತದಲ್ಲಿ ಮಿಲಿಮೀಟರ್ ಉದ್ದದ ತರಂಗಗಳನ್ನು ಉಂಟುಮಾಡಿ ತೋರಿಸಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೈಕ್ರೋವೇವ್ ಸಂಶೋಧನೆಗೆ ಪ್ರಯೋಗಾಲಯ ಕಟ್ಟಿದವರು ರಾಜೇಶ್ವರಿ ಚಟರ್ಜಿ ಮತ್ತು ಅವರ ಪತಿ ಶಿಶಿರ್ ಕುಮಾರ್ ಚಟರ್ಜಿ. ಕರ್ನಾಟಕದವರಾದ ರಾಜೇಶ್ವರಿಯವರು ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಮುಗಿಸಿ 1953ರಲ್ಲಿ ಊರಿಗೆ ಮರಳಿ, ತಲೆಮಾರುಗಳ ವಿದ್ಯಾರ್ಥಿಗಳಿಗೆ ವಿದ್ಯುತ್ಕಾಂತೀಯ ಸಿದ್ಧಾಂತ ಕಲಿಸಿದರು. ಅವರ ಹೆಸರು ನಮ್ಮ ಶಾಲಾಪಠ್ಯಗಳಲ್ಲಿ ಇನ್ನೂ ಹೆಚ್ಚಾಗಿ ಕಾಣಿಸಬೇಕು.

ಮತ್ತೆ ಪೆಟ್ಟಿಗೆಯೊಳಕ್ಕೆ ಬರೋಣ. ನೀರಿನ ಅಣುವಿನಲ್ಲಿ ಆಕ್ಸಿಜನ್ ಇರುವ ತುದಿಗೆ ತುಸು ಋಣ ವಿದ್ಯುದಂಶ, ಹೈಡ್ರೋಜನ್‌ಗಳಿರುವ ತುದಿಗೆ ತುಸು ಧನ ವಿದ್ಯುದಂಶ. ವಿದ್ಯುತ್ ಕ್ಷೇತ್ರ ಯಾವ ಕಡೆಗಿದೆಯೋ ಆ ಕಡೆಗೆ ಅಣು ತಿರುಗಲು ನೋಡುತ್ತದೆ. ಕ್ಷೇತ್ರವೋ ಸೆಕೆಂಡಿಗೆ 490 ಕೋಟಿ ಸಲ ದಿಕ್ಕು ಬದಲಿಸುತ್ತಿರುತ್ತದೆ. ಹೀಗೆ ತಿರುಗಲು ಹೋಗಿ ಅಕ್ಕಪಕ್ಕದ ಅಣುಗಳನ್ನು ನೂಕಿ, ಎಳೆದು, ಗುದ್ದಾಡುವುದರಿಂದ ನೀರು ಬಿಸಿಯಾಗುತ್ತದೆ. ನೀರಿನ ಅಣುವಿಗೆ ಸರಿಹೊಂದುವ ವಿಶೇಷ ಕಂಪನಾಂಕವನ್ನು ಹುಡುಕಿ ಓವನ್ನಿಗೆ ಹಾಕಿದ್ದಾರೆ ಎಂಬ ಮಾತು ಪುಸ್ತಕಗಳಲ್ಲಿಯೂ ಕಾಣಸಿಗುತ್ತದೆ. ಅದು ನಿಜವಲ್ಲ. ಕೋಣೆಯ ತಾಪದಲ್ಲಿ ನೀರು ಅತಿ ಹೆಚ್ಚು ಹೀರುವುದು ಇದರ ಸುಮಾರು ಎಂಟು ಪಟ್ಟು ಕಂಪನಾಂಕದ ತರಂಗಗಳನ್ನು. ಅಂಥ ತರಂಗ ಬಳಸಿದ್ದರೆ ಅದೆಲ್ಲ ಸಾರಿನ ಮೇಲ್ಪದರದಲ್ಲೇ ಹೀರಿಹೋಗಿ, ತಳ ತಣ್ಣಗೇ ಉಳಿಯುತ್ತಿತ್ತು. 2450 ಮೆಗಾಹರ್ಟ್ಸ್ ಸಿಕ್ಕಿದ್ದು, ರೇಡಿಯೊ ಸಂಪರ್ಕಕ್ಕೆ ಅಡ್ಡಿಯಾಗದಂತೆ ಕೈಗಾರಿಕೆ ಮತ್ತು ವೈದ್ಯಕೀಯ ಬಳಕೆಗೆ ಎತ್ತಿಟ್ಟ ಪಟ್ಟಿಯಲ್ಲಿ ಅದು ಇದ್ದುದರಿಂದ.

ಓವನ್ ಆಹಾರವನ್ನು ಒಳಗಿನಿಂದ ಬೇಯಿಸುತ್ತದೆ ಎಂಬುದೂ ಹಾಗೆಯೇ ಬೇರೂರಿದ ತಪ್ಪು ತಿಳಿವಳಿಕೆ. ಸಾಮಾನ್ಯ ಅಡುಗೆ ಪದಾರ್ಥಗಳಲ್ಲಿ ತರಂಗದ ಬಲವೆಲ್ಲ ಮೇಲಿನ ಒಂದರಿಂದ ಮೂರು ಸೆಂಟಿಮೀಟರಿನೊಳಗೆ ಕುಗ್ಗಿಹೋಗುತ್ತದೆ. ಅದಕ್ಕಿಂತ ಒಳಗಿರುವ ಭಾಗಕ್ಕೆ ಶಾಖ ಹೋಗಬೇಕಾದರೆ ಅದು ಮಾಮೂಲಿಯಂತೆ ಹೊರಗಿನಿಂದ ನಿಧಾನವಾಗಿ ಇಳಿಯಬೇಕು. ಆದ್ದರಿಂದ ಆಳವಾದ ಪಾತ್ರೆಗಿಂತ ಅಗಲವಾದ ಬಟ್ಟಲು ಒಳ್ಳೆಯದು. ಇಡ್ಲಿಗಳನ್ನು ಗುಡ್ಡೆ ಹಾಕುವುದಕ್ಕಿಂತ ನಡುವೆ ಜಾಗ ಬಿಟ್ಟು ಸುತ್ತ ಜೋಡಿಸಿ, ಮೇಲೆ ನೀರು ಚಿಮುಕಿಸಿ ಮುಚ್ಚಿದರೆ ಒಂದೇ ಸಮನೆ ಬಿಸಿಯಾಗುತ್ತವೆ. ತಿರುಗುವ ತಟ್ಟೆ ಈ ಏರುಪೇರನ್ನು ತಗ್ಗಿಸಲೆಂದೇ ಇರುವುದು, ಆದರೆ ಸರಿಯಾಗಿ ನಡುವಿನಲ್ಲಿಟ್ಟದ್ದು ತಾನಿದ್ದಲ್ಲೇ ಸುತ್ತುತ್ತದೆ ಎಂಬುದನ್ನು ಮರೆಯಬಾರದು.

ಈಗ ಈ ಅಧ್ಯಾಯದ ಮುಖ್ಯ ಮಾತಿಗೆ ಬರುತ್ತೇನೆ. ಮೈಕ್ರೋವೇವ್ ಎಂದರೆ ನಮ್ಮ ಜನ ಹೆದರುವುದು ಬಾಗಿಲಿಗೆ, ಅದರಿಂದ ಏನೋ ಸೋರಿ ಕ್ಯಾನ್ಸರ್ ಬರುತ್ತದೆಂದು. ಮನೆಮಂದಿಗೆ ನಿಜವಾಗಿ ಪೆಟ್ಟಾಗುವುದು ಬಟ್ಟಲಿನಿಂದ.

ಬಾಗಿಲಿನ ವಿಷಯವನ್ನು ಮೊದಲು ಮುಗಿಸೋಣ. ವಿಕಿರಣ ಎಂಬ ಒಂದೇ ಹೆಸರಿನಡಿ ಕ್ಷಕಿರಣವೂ ಬರುತ್ತದೆ, ಮೇಣದಬತ್ತಿಯ ಬೆಳಕೂ ಬರುತ್ತದೆ. ಜೀವಕೋಶದ ಡಿಎನ್‌ಎ ಅಣುವನ್ನು ಮುರಿಯಲು ಕಿರಣದ ಒಂದೊಂದು ಕಣಕ್ಕೂ ಸಾಕಷ್ಟು ಶಕ್ತಿ ಇರಬೇಕು. ಮೈಕ್ರೋವೇವ್‌ನ ಒಂದು ಕಣದ ಶಕ್ತಿ ನಾವು ಕಣ್ಣಾರೆ ನೋಡುವ ಬೆಳಕಿನ ಕಣಕ್ಕಿರುವ ಶಕ್ತಿಯ ಸುಮಾರು ಎರಡು ಲಕ್ಷದಲ್ಲಿ ಒಂದು ಪಾಲು. ಅದು ಬಿಸಿ ಮಾಡಬಲ್ಲದು, ಅಣುವನ್ನು ಮುರಿಯಲಾರದು. ಬಿಸಿಯಾದ ಆಹಾರದಲ್ಲಿ ಅದು ಉಳಿದುಕೊಳ್ಳುವುದೂ ಇಲ್ಲ. ಸ್ವಿಚ್ ಆರಿದೊಡನೆ ದೀಪದ ಬೆಳಕು ಹೋಗುವಷ್ಟೇ ಬೇಗ ಹೋಗುತ್ತದೆ. ಬಾಗಿಲಿನ ಗಾಜಿನೊಳಗೆ ಸಣ್ಣ ತೂತುಗಳ ಲೋಹದ ಹಾಳೆಯೊಂದಿದೆ. ತೂತಿನ ಅಗಲ ಒಂದೆರಡು ಮಿಲಿಮೀಟರ್, ತರಂಗದ ಉದ್ದ 122 ಮಿಲಿಮೀಟರ್. ಬೆಳಕು ಹೊರಬರುತ್ತದೆ, ಮೈಕ್ರೋವೇವ್ ಬಾರದು. ಬಾಗಿಲು ತೆರೆದ ಕ್ಷಣವೇ ಮ್ಯಾಗ್ನೆಟ್ರಾನನ್ನು ಆರಿಸಲು ಒಂದಕ್ಕಿಂತ ಹೆಚ್ಚು ಸ್ವಿಚ್‌ಗಳಿರುತ್ತವೆ. ಓವನ್ನಿನ ಮೈಯಿಂದ 5 ಸೆಂಟಿಮೀಟರ್ ದೂರದಲ್ಲಿ, ಒಂದು ಚದರ ಸೆಂಟಿಮೀಟರಿಗೆ 5 ಮಿಲಿವ್ಯಾಟ್‌ಗಿಂತ ಹೆಚ್ಚು ಸೋರಬಾರದು ಎಂಬುದು ಅಮೆರಿಕದ ಕಾನೂನು, ಅದೂ ಓವನ್ನಿನ ಇಡೀ ಆಯುಷ್ಯಕ್ಕೆ. ಒಂದಡಿ ಹಿಂದೆ ನಿಂತರೆ ಅದು ಇನ್ನೂ ಎಷ್ಟೋ ಪಾಲು ಕಡಿಮೆಯಾಗುತ್ತದೆ.

ಮೊಬೈಲನ್ನು ಒಳಗಿಟ್ಟು ಕರೆ ಮಾಡಿ, ರಿಂಗ್ ಆದರೆ ಓವನ್ ಸೋರುತ್ತಿದೆ ಎಂದು ಹೇಳುವವರಿದ್ದಾರೆ. ಆ ಪರೀಕ್ಷೆಯನ್ನು ನಂಬಬೇಡಿ. ಮೊಬೈಲ್ ಅತಿ ಕ್ಷೀಣ ಸಂಕೇತವನ್ನೂ ಹಿಡಿಯುವಂತೆ ತಯಾರಾದದ್ದು. ಸಾವಿರ ಪಾಲು ತಡೆದ ಮೇಲೂ ಉಳಿದ ಒಂದು ಪಾಲು ಅದಕ್ಕೆ ಸಾಕು. ಅದು ಬಳಸುವ ಕಂಪನಾಂಕಗಳೂ ಹಲವು ಸಲ ಬೇರೆಯೇ ಆಗಿರುತ್ತವೆ. ಪರೀಕ್ಷಿಸಬೇಕಾದದ್ದು ಬಾಗಿಲು ಬಿಗಿಯಾಗಿ ಕೂರುತ್ತದೆಯೇ, ಕೀಲು ಸಡಿಲಾಗಿದೆಯೇ, ಅಂಚಿನಲ್ಲಿ ಜಿಡ್ಡು ಕಟ್ಟಿದೆಯೇ, ಗಾಜು ಒಡೆದಿದೆಯೇ ಎಂಬುದನ್ನು. ಇದರಲ್ಲಿ ಏನಾದರೂ ಕೆಟ್ಟಿದ್ದರೆ ರಿಪೇರಿ ಆಗುವವರೆಗೆ ಓವನ್ ಬಳಸಬಾರದು.

ಬಟ್ಟಲಿನ ಅಪಾಯಗಳು ಬೇರೆ ಬಗೆಯವು, ಅವುಗಳಲ್ಲಿ ಹೆಚ್ಚು ಮೋಸದ್ದು ಬರೀ ನೀರು. ನುಣುಪಾದ ಗಾಜಿನ ಲೋಟದಲ್ಲಿ ನೀರು ಕಾಯಿಸಿದರೆ ಅದು 100 ಡಿಗ್ರಿ ದಾಟಿಯೂ ಕುದಿಯದೆ ಸುಮ್ಮನಿರಬಹುದು. ಒಲೆಯ ಮೇಲಿನ ಪಾತ್ರೆಯಲ್ಲಿ ತಳ ಹೆಚ್ಚು ಬಿಸಿಯಾಗಿ, ಅಲ್ಲಿನ ಗೀರು, ಒರಟುಗಳಲ್ಲಿ ಗುಳ್ಳೆ ಹುಟ್ಟುತ್ತದೆ. ಓವನ್ನಿನಲ್ಲಿ ನೀರೇ ಕಾಯುತ್ತದೆ, ಲೋಟ ನೀರಿಗಿಂತ ತಣ್ಣಗಿರುತ್ತದೆ, ಗುಳ್ಳೆಗೆ ಹುಟ್ಟಲು ಜಾಗ ಸಿಗುವುದಿಲ್ಲ. ಕುದಿ ಕಾಣದೆ ಇನ್ನೊಂದು ನಿಮಿಷ ಇಟ್ಟು, ಹೊರತೆಗೆದು, ಇನ್‌ಸ್ಟಂಟ್ ಕಾಫಿಪುಡಿಯನ್ನೋ ಸಕ್ಕರೆಯನ್ನೋ ಹಾಕಿದರೆ ಪುಡಿಯ ಕಣಕಣದ ಮೇಲೂ ಒಮ್ಮೆಲೇ ಗುಳ್ಳೆಯೆದ್ದು ಲೋಟದ ನೀರು ಮುಖಕ್ಕೆ ಎಗರುತ್ತದೆ. ಲೋಟ ಅಲುಗಿದರೂ ಅಷ್ಟೇ. ಇದರಿಂದ ಜನ ಮುಖ, ಕೈ ಸುಟ್ಟುಕೊಂಡಿದ್ದಾರೆ. ನೀರಿನಲ್ಲಿ ಮರದ ಚಮಚ ಅಥವಾ ಕಡ್ಡಿಯೊಂದನ್ನು ಇಟ್ಟೇ ಕಾಯಿಸಿ, ಒಮ್ಮೆ ಕಾದ ನೀರನ್ನು ಹಾಗೆಯೇ ಮತ್ತೆ ಕಾಯಿಸಬೇಡಿ, ನಿಂತ ಮೇಲೆ ಅರ್ಧ ನಿಮಿಷ ಬಿಟ್ಟು ಬಾಗಿಲು ತೆರೆಯಿರಿ.

ಮೊಟ್ಟೆಯ ಕಥೆಯೂ ಇಂಥದ್ದೇ. ಸಿಪ್ಪೆಯೊಂದಿಗೆ ಇಟ್ಟರೆ ಸಿಡಿಯುತ್ತದೆಂದು ಬಹಳ ಮಂದಿಗೆ ಗೊತ್ತು. ಸಿಪ್ಪೆ ಸುಲಿದ ಬೇಯಿಸಿದ ಮೊಟ್ಟೆಯನ್ನು ಮತ್ತೆ ಬಿಸಿ ಮಾಡಿದರೂ ಹಳದಿಯೊಳಗೆ ಅತಿಬಿಸಿ ನೀರು ಅಡಗಿದ್ದು, ಕಚ್ಚಿದಾಗ ಬಾಯಲ್ಲಿ ಸಿಡಿಯಬಹುದು ಎಂಬುದು ಅಷ್ಟಾಗಿ ಗೊತ್ತಿಲ್ಲ. ಇಡೀ ಆಲೂಗೆಡ್ಡೆಗೆ, ಬದನೆಕಾಯಿಗೆ ಫೋರ್ಕಿನಿಂದ ಚುಚ್ಚಿ ಹಬೆಗೆ ದಾರಿ ಮಾಡಿಯೇ ಒಳಗಿಡಬೇಕು. ಹೋಳಿಗೆ, ಕಡುಬು ಬಿಸಿ ಮಾಡುವಾಗ ಹೊರಗಿನ ಹಿಟ್ಟು ಬೆಚ್ಚಗಿದ್ದರೂ ಬೆಲ್ಲದ ಹೂರಣ ನಾಲಗೆ ಸುಡುವಷ್ಟು ಕಾದಿರುತ್ತದೆ. ಮಕ್ಕಳಿಗೆ ಕೊಡುವ ಮೊದಲು ಮುರಿದು ನೋಡಿ.

ಹಸುಗೂಸಿನ ಹಾಲಿನ ಬಾಟಲಿಯನ್ನು ಓವನ್ನಿನಲ್ಲಿ ಇಡಲೇಬಾರದು. ಬಾಟಲಿಯ ಹೊರಮೈ ಬೆಚ್ಚಗಷ್ಟೇ ಇದ್ದು ಒಳಗಿನ ಹಾಲಿನ ಒಂದು ಭಾಗ ಸುಡುತ್ತಿರಬಹುದು. ಕೈ ಹೇಳುವುದನ್ನು ಇಲ್ಲಿ ನಂಬುವಂತಿಲ್ಲ. ಬಿಸಿನೀರಿನ ಪಾತ್ರೆಯಲ್ಲಿ ಬಾಟಲಿ ನಿಲ್ಲಿಸಿ ಬೆಚ್ಚಗೆ ಮಾಡುವ ಹಳೆಯ ಕ್ರಮವೇ ಸರಿ.

ಅತಿ ಬಿಸಿ ಒಂದು ಅಪಾಯವಾದರೆ ತಣ್ಣನೆಯ ಮಚ್ಚೆ ಇನ್ನೊಂದು. ಫ್ರಿಜ್‌ನಲ್ಲಿದ್ದ ಕೋಳಿಸಾರನ್ನೋ ಹುಳಿಯನ್ನೋ ಬಿಸಿ ಮಾಡಿದಾಗ ಅಂಚು ಕುದಿಯುತ್ತಿದ್ದರೂ ನಡುವೆ ಬ್ಯಾಕ್ಟೀರಿಯಾಗಳಿಗೆ ಹಿತವಾದ ಉಗುರುಬೆಚ್ಚಗಿನ ಜಾಗ ಉಳಿದಿರುತ್ತದೆ. ಉಳಿದ ಆಹಾರದ ಎಲ್ಲ ಭಾಗವೂ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕೆಂಬುದು ಆಹಾರ ಸುರಕ್ಷತೆಯ ಒಪ್ಪಿತ ಅಳತೆ. ಮುಚ್ಚಿ ಬಿಸಿ ಮಾಡಿ, ನಡುವೆ ನಿಲ್ಲಿಸಿ ಚೆನ್ನಾಗಿ ಕಲಕಿ, ಮತ್ತೆ ಬಿಸಿ ಮಾಡಿ, ಮುಗಿದ ಮೇಲೂ ಎರಡು ನಿಮಿಷ ಹಾಗೇ ಬಿಡಿ. ಆ ಎರಡು ನಿಮಿಷ ಅಡುಗೆಯ ಭಾಗವೇ. ಬಿಸಿ ಜಾಗದಿಂದ ತಣ್ಣನೆಯ ಜಾಗಕ್ಕೆ ಶಾಖ ಹರಿಯುವುದು ಆಗಲೇ.

ಅನ್ನದ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಅಕ್ಕಿಯಲ್ಲಿ ಬ್ಯಾಸಿಲಸ್ ಸಿರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಇರಬಹುದು, ಅವು ಕುದಿಯಲ್ಲೂ ಸಾಯುವುದಿಲ್ಲ. ಬೇಸಿಗೆಯ ರಾತ್ರಿ ಅಡುಗೆಕಟ್ಟೆಯ ಮೇಲೇ ಉಳಿದ ಅನ್ನದಲ್ಲಿ ಅವು ಮೊಳೆತು, ಬೆಳೆದು, ವಾಂತಿ ಬರಿಸುವ ವಿಷವನ್ನು ಬಿಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಹಾಗಾಗಿ ಬೆಳಿಗ್ಗೆ ಓವನ್ನಿನಲ್ಲಿ ಹೊಗೆಯಾಡುವಷ್ಟು ಕಾಯಿಸಿದರೂ ಕೆಟ್ಟ ಅನ್ನ ಒಳ್ಳೆಯದಾಗದು. ಅನ್ನ ಉಳಿಯುತ್ತದೆಂದು ಕಂಡರೆ ಅಗಲ ತಟ್ಟೆಗೆ ಹರಡಿ ಆರಿಸಿ ಎರಡು ತಾಸಿನೊಳಗೆ ಫ್ರಿಜ್ ಸೇರಿಸಿ.

ಫ್ರೀಜರಿನಲ್ಲಿಟ್ಟ ತೆಂಗಿನ ತುರಿಯನ್ನು ಬಿಸಿ ಮಾಡಿದವರಿಗೆ ಇನ್ನೊಂದು ಅನುಭವ ಇದ್ದೇ ಇರುತ್ತದೆ: ಅಂಚು ಬೆಂದು ಎಣ್ಣೆ ಬಿಟ್ಟಿರುತ್ತದೆ, ನಡುವಿನ ಗಡ್ಡೆ ಕಲ್ಲಿನಂತೆಯೇ ಇರುತ್ತದೆ. ಮಂಜುಗಡ್ಡೆಯಲ್ಲಿ ನೀರಿನ ಅಣುಗಳು ಒಂದಕ್ಕೊಂದು ಬಿಗಿದುಕೊಂಡಿರುವುದರಿಂದ ತಿರುಗಲಾರವು, ತರಂಗವನ್ನು ಬಹಳ ಕಡಿಮೆ ಹೀರುತ್ತವೆ. ಮೊದಲು ಕರಗಿದ ಹನಿ ಮಾತ್ರ ಗಬಗಬನೆ ಹೀರುತ್ತದೆ, ಬಿಸಿಯಾಗುತ್ತದೆ, ಪಕ್ಕದ್ದನ್ನು ಕರಗಿಸುತ್ತದೆ. ದೂರದ ಮಂಜು ಮಂಜಾಗಿಯೇ ಉಳಿಯುತ್ತದೆ. ಡಿಫ್ರಾಸ್ಟ್ ಗುಂಡಿ ಇರುವುದು ಇದಕ್ಕಾಗಿ. ಸಾಮಾನ್ಯ ಓವನ್ನುಗಳಲ್ಲಿ ಶೇಕಡ 30 ಪವರ್ ಎಂದರೆ ಮ್ಯಾಗ್ನೆಟ್ರಾನ್ ಪೂರ್ತಿ ಬಲದಿಂದಲೇ ಹತ್ತು ಸೆಕೆಂಡಿನಲ್ಲಿ ಮೂರು ಸೆಕೆಂಡಿನಷ್ಟು ಉರಿದು ಉಳಿದ ಹೊತ್ತು ಆರಿರುತ್ತದೆ. ಕಿವಿಗೊಟ್ಟರೆ ಗುಂಯ್‌ಗುಡುವ ಸದ್ದು ಬದಲಾಗುವುದು ಕೇಳುತ್ತದೆ. ಆರಿದ ಹೊತ್ತಿನಲ್ಲಿ ಶಾಖ ಹರಡಿಕೊಳ್ಳುತ್ತದೆ. ಈ ಕಡಿಮೆ ಪವರ್‌ನ ಗುಂಡಿಯನ್ನು ನಾವು ತೀರಾ ಕಡಿಮೆ ಬಳಸುತ್ತೇವೆಂದು ನನ್ನ ಭಾವನೆ. ಪಾಯಸ, ಹಾಲು, ಗಟ್ಟಿಯಾದ ತೊವ್ವೆ, ಬೆಣ್ಣೆ, ಎಲ್ಲಕ್ಕೂ ಅರ್ಧ ಪವರ್‌ನಲ್ಲಿ ದುಪ್ಪಟ್ಟು ಹೊತ್ತು ಎಂಬುದೇ ಒಳ್ಳೆಯ ಲೆಕ್ಕ.

ನಿಮ್ಮ ಓವನ್ನಿನ ನಿಜವಾದ ಬಲ ಎಷ್ಟೆಂದು ಅಳೆಯುವುದೂ ಕಷ್ಟವಲ್ಲ. ಒಂದು ಲೀಟರ್ ನೀರಿನ ತಾಪ ನೋಡಿ, ಪೂರ್ತಿ ಪವರ್‌ನಲ್ಲಿ ಎರಡು ನಿಮಿಷ ಕಾಯಿಸಿ, ಕಲಕಿ, ಮತ್ತೆ ತಾಪ ನೋಡಿ. ಎಷ್ಟು ಡಿಗ್ರಿ ಏರಿತೋ ಅದನ್ನು 35ರಿಂದ ಗುಣಿಸಿದರೆ ವ್ಯಾಟ್ ಲೆಕ್ಕದಲ್ಲಿ ಬಲ ಸಿಗುತ್ತದೆ. 20 ಡಿಗ್ರಿ ಏರಿದ್ದರೆ 700 ವ್ಯಾಟ್. ವೋಲ್ಟೇಜ್ ಇಳಿದ ಸಂಜೆ ಇದೇ ಓವನ್ ಇನ್ನೂ ಕಡಿಮೆ ತೋರಿಸೀತು. ಪಾಕವಿಧಾನದಲ್ಲಿ 1000 ವ್ಯಾಟ್‌ಗೆ 3 ನಿಮಿಷ ಎಂದಿದ್ದರೆ 700 ವ್ಯಾಟ್‌ನವರಿಗೆ ನಾಲ್ಕೂಕಾಲು ನಿಮಿಷ ಬೇಕು. ಎರಡು ಪಾಲು ಪದಾರ್ಥ ಇಟ್ಟರೆ ಹೆಚ್ಚುಕಡಿಮೆ ಎರಡು ಪಾಲು ಹೊತ್ತು ಬೇಕು, ಏಕೆಂದರೆ ಇರುವ ಬಲವನ್ನೇ ಎಲ್ಲವೂ ಹಂಚಿಕೊಳ್ಳುತ್ತವೆ.

ಈ ಪೆಟ್ಟಿಗೆ ಯಾವುದಕ್ಕೆ ಆಗದು ಎಂಬುದನ್ನೂ ನೀರೇ ನಿರ್ಧರಿಸುತ್ತದೆ. ದೋಸೆ ಕೆಂಪಗಾಗಲು, ಗರಿಗರಿಯಾಗಲು 140 ಡಿಗ್ರಿಗೂ ಮೇಲಿನ ಬಿಸಿ, ಒಣಗಿದ ಮೇಲ್ಮೈ ಬೇಕು. ನೀರಿರುವವರೆಗೆ ಆಹಾರದ ತಾಪ 100ರ ಸುತ್ತಲೇ ನಿಲ್ಲುತ್ತದೆ. ಅದಕ್ಕೆ ಕಾವಲಿಯೇ ಬೇಕು. ಎಣ್ಣೆಯಲ್ಲಿ ಕರಿಯುವುದಂತೂ ಕೂಡದು. ಎಣ್ಣೆ ಎಷ್ಟು ಕಾದಿದೆಯೆಂದು ಕಣ್ಣಿಗೆ ತಿಳಿಯುವ ಮೊದಲೇ ಹೊತ್ತಿಕೊಳ್ಳಬಹುದು. ಒಣಮೆಣಸಿನಕಾಯಿ ಇಟ್ಟರೆ ಬಾಗಿಲು ತೆರೆದಾಗ ಕಾರದ ಘಾಟು ಕಣ್ಣಿಗೆ ನುಗ್ಗುತ್ತದೆ. ತರಕಾರಿ, ಸೊಪ್ಪಿನ ವಿಷಯದಲ್ಲಿ ಮಾತ್ರ ಇದಕ್ಕೆ ಪೂರ್ತಿ ಅಂಕ ಕೊಡಬೇಕು. ಹೆಚ್ಚು ನೀರಿನಲ್ಲಿ ಬೇಯಿಸಿ ಬಸಿದಾಗ ವಿಟಮಿನ್ ಸಿ ನೀರಿನೊಂದಿಗೆ ಹೋಗುತ್ತದೆ. ನಾಲ್ಕು ಚಮಚ ನೀರು ಚಿಮುಕಿಸಿ ಮುಚ್ಚಿ ಓವನ್ನಿನಲ್ಲಿ ಬೇಯಿಸಿದರೆ ಹೆಚ್ಚು ಉಳಿಯುತ್ತದೆ.

ಪಾತ್ರೆಗಳಲ್ಲಿ ನಮ್ಮ ಮನೆಗಳ ಮುಖ್ಯ ತೊಡಕು ಸ್ಟೀಲ್. ಲೋಹದ ಡಬ್ಬಿಯೊಳಕ್ಕೆ ತರಂಗ ಹೋಗುವುದೇ ಇಲ್ಲ, ಅನ್ನ ತಣ್ಣಗೇ ಇರುತ್ತದೆ. ಗೋಡೆಗೆ ಹತ್ತಿರವಿದ್ದರೆ ನಡುವೆ ಕಿಡಿ ಹಾರುತ್ತದೆ. ಫೋರ್ಕಿನ ಮೊನೆ, ಪಾರ್ಸೆಲ್‌ಗೆ ಸುತ್ತಿದ ಅಲ್ಯೂಮಿನಿಯಂ ಹಾಳೆಯ ಸುಕ್ಕು, ಪಿಂಗಾಣಿಯ ಚಿನ್ನದ ಅಂಚು, ಇಂಥ ಚೂಪು ಮತ್ತು ತೆಳು ಜಾಗಗಳಲ್ಲಿ ವಿದ್ಯುತ್ ಕ್ಷೇತ್ರ ದಟ್ಟೈಸಿ ಕಿಡಿಯಾಗುತ್ತದೆ. ಮೆಲಮೈನ್ ತಟ್ಟೆ ಪಿಂಗಾಣಿಯಂತೆ ಕಂಡರೂ ಪ್ಲಾಸ್ಟಿಕ್; ಬಿಸಿಯಾದಾಗ ಅದರಿಂದ ಮೆಲಮೈನ್, ಫಾರ್ಮಾಲ್ಡಿಹೈಡ್ ಆಹಾರಕ್ಕೆ ಇಳಿಯುತ್ತವೆ. ಮೈಕ್ರೋವೇವ್‌ಗೆ ಯೋಗ್ಯ ಎಂದು ಬರೆದ ಪ್ಲಾಸ್ಟಿಕ್ಕಿನಲ್ಲೂ ಎಣ್ಣೆ, ಸಕ್ಕರೆ ಹೆಚ್ಚಿರುವುದನ್ನು ಇಡದಿರುವುದು ಒಳ್ಳೆಯದು, ಅವು 100 ಡಿಗ್ರಿ ದಾಟಿ ಕಾಯುತ್ತವೆ. ಗುರುತಿಲ್ಲದ ಪಿಂಗಾಣಿ, ಮಣ್ಣಿನ ಪಾತ್ರೆಯ ಅನುಮಾನವಿದ್ದರೆ ಅದನ್ನು ಖಾಲಿ ಇಟ್ಟು, ಪಕ್ಕದಲ್ಲಿ ಒಂದು ಗಾಜಿನ ಲೋಟ ನೀರಿಟ್ಟು ಒಂದು ನಿಮಿಷ ಓಡಿಸಿ. ನೀರು ಬಿಸಿಯಾಗಿ ಪಾತ್ರೆ ತಣ್ಣಗಿದ್ದರೆ ಬಳಸಬಹುದು. ಲೋಟ ಇರಲೇಬೇಕು. ಹೀರಲು ಏನೂ ಇಲ್ಲದಿದ್ದರೆ ತರಂಗಗಳು ಮ್ಯಾಗ್ನೆಟ್ರಾನಿಗೇ ವಾಪಸು ಹೊಡೆದು ಅದನ್ನು ಹಾಳುಮಾಡುತ್ತವೆ.

ಓವನ್ನಿಗೆ ಅರ್ಥಿಂಗ್ ಇರುವ 16 ಆಂಪಿಯರ್‌ನ ಪವರ್ ಪ್ಲಗ್ ಬೇಕು, ಎಕ್ಸ್‌ಟೆನ್ಷನ್ ಬಾಕ್ಸ್ ಬೇಡ. ಕನ್ವೆಕ್ಷನ್ ಓವನ್ 2000 ವ್ಯಾಟ್ ಮೀರಿ ಎಳೆಯಬಹುದು. ಹಿಂದೆ, ಪಕ್ಕದಲ್ಲಿ ಗಾಳಿಯಾಡಲು ಜಾಗ ಬಿಡಿ. ಚಂದಕ್ಕೆಂದು ಹೊದಿಸಿದ ಕಸೂತಿ ಬಟ್ಟೆಯನ್ನು ಓಡಿಸುವಾಗ ತೆಗೆಯಿರಿ. ಒಳಗೋಡೆಗೆ ಸಿಡಿದ ಸಾರು ಒಣಗಿ ಕಪ್ಪಾದರೆ ಅದೇ ತರಂಗ ಹೀರಿ ಸುಡತೊಡಗುತ್ತದೆ. ಗೋಡೆಯಲ್ಲಿ ಕಾಣುವ ಕಂದು ಹಲಗೆ ತರಂಗ ಒಳಬರುವ ಬಾಯಿಯನ್ನು ಮುಚ್ಚಿರುವ ಅಭ್ರಕದ ಹಾಳೆ; ಅದಕ್ಕೆ ಜಿಡ್ಡು ಹತ್ತಿ ತೂತು ಬಿದ್ದರೆ ಕಿಡಿ ಹಾರುತ್ತದೆ. ಬಿಡಿಭಾಗಗಳ ಅಂಗಡಿಯಲ್ಲಿ ಆ ಹಾಳೆ ಸಿಗುತ್ತದೆ, ಅಳತೆಗೆ ಕತ್ತರಿಸಿ ಕೂರಿಸಬಹುದು. ಒಳಗೆ ಬೆಂಕಿ ಹತ್ತಿದರೆ ಬಾಗಿಲು ತೆರೆಯದೆ ಸ್ವಿಚ್ ಆರಿಸಿ. ಗಾಳಿ ಸಿಗದೆ ಬೆಂಕಿ ಆರುತ್ತದೆ.

ಹೊರಗಿನ ತಗಡಿನ ಕವಚದ ಸ್ಕ್ರೂಗಳನ್ನು ಮಾತ್ರ ಮನೆಯಲ್ಲಿ ಬಿಚ್ಚಬಾರದು. ಮ್ಯಾಗ್ನೆಟ್ರಾನಿಗೆ ಬೇಕಾಗುವುದು ಸುಮಾರು 4000 ವೋಲ್ಟ್. ಅದನ್ನು ಒದಗಿಸುವ ಕೆಪ್ಯಾಸಿಟರ್ ಪ್ಲಗ್ ಕಿತ್ತ ಮೇಲೂ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಲ್ಲದು, ಮುಟ್ಟಿದವರ ಪ್ರಾಣ ತೆಗೆಯುವಷ್ಟು. ಫ್ಯೂಸ್ ಹೋಗಿದೆ ಎಂಬಷ್ಟು ಸಣ್ಣ ಕೆಲಸವಾದರೂ, ಕೆಪ್ಯಾಸಿಟರನ್ನು ಮೊದಲು ಖಾಲಿ ಮಾಡಲು ಕಲಿತ ಮೆಕ್ಯಾನಿಕ್‌ನನ್ನೇ ಕರೆಯಿರಿ.